ಮಗಳಿಗೆ ಹೆಸರಿಡದ ಮಾವ

ಇಡೀ ತಿಪಟೂರು ತಾಲ್ಲೂಕಿನಲ್ಲಿ ಯಾವುದಕ್ಕೂ ಅಂಟಿಕೊಳ್ಳದೆ ಬದುಕಿದ ಒಬ್ಬನೇ ಒಬ್ಬ ಮನುಷ್ಯ ಎಂದರೆ ನನ್ನ ಸೋದರಮಾವ. ಇದು ನಾನು ಹೇಳುವ ಮಾತಲ್ಲ, ಅವನೇ ಹೇಳಿಕೊಳ್ಳುತ್ತಿದ್ದದ್ದು! ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಸೀಮೆಎಣ್ಣೆ ಅಂಗಡಿಯ ಸಾಲಿನಲ್ಲಿ ನಿಂತವರಿಗೆ, ಸಾವಿನ ಮನೆಯಲ್ಲಿ ಅಳುತ್ತಾ ಕೂತವರಿಗೆ, ಯಾರು ಸಿಕ್ಕರೂ ಸರಿ, "ನಂಗೆ ಯಾವ್ದೂ ಅಂಟಲ್ಲ ಕಣಪ್ಪ" ಎಂದು ಶುರು ಮಾಡುತ್ತಿದ್ದ. ಶುರು ಮಾಡಿದರೆ ಎದುರಿಗಿದ್ದವರು ಎದ್ದು ಹೋಗುವ ಹಾಗಿರಲಿಲ್ಲ. ಕೇಳುವವರ ತೋಳನ್ನು ಬಿಗಿಯಾಗಿ ಹಿಡಿದುಕೊಂಡೇ, ಯಾವುದನ್ನೂ ಹಿಡಿದುಕೊಳ್ಳಬಾರದು ಎಂದು ಬೋಧಿಸುತ್ತಿದ್ದ ಮಹಾನುಭಾವ ಅವನು.

ಎಪ್ಪತ್ತರ ದಶಕದ ಮಾತು. ಮಾವನದು ಬಿಳಿಗೆರೆ ಹತ್ತಿರ ತೆಂಗಿನ ತೋಟದೊಳಗಿನ ಮನೆ. ನಮ್ಮ ಅವ್ವ ಅವನಿಗೆ ಅಕ್ಕ, ತಿಪಟೂರಿಗೆ ಕೊಟ್ಟ ಹೆಣ್ಣು. ನಾನು ಆಗ ತಿಪಟೂರಿನ ಒಂದು ಶಾಲೆಯಲ್ಲಿ ಹೊಸದಾಗಿ ಟೀಚರ್ ಆಗಿದ್ದೆ. ಶನಿವಾರ ಬೆಳಗಿನ ಶಾಲೆ ಮುಗಿದದ್ದೇ ತಡ, ಬಸ್ಸು ಹಿಡಿದು ಮಾವನ ಮನೆಗೆ ಹೋಗಿಬಿಡುತ್ತಿದ್ದೆ. ಅತ್ತೆ ಮಾಡುವ ಹುರುಳಿಕಾಳಿನ ಬಸ್ಸಾರು ಒಂದು ಕಾರಣ. ಮಾವನ ಜೊತೆ ಜಗಳವಾಡದಿದ್ದರೆ ನನಗೆ ವಾರ ಕಳೆದ ಹಾಗೇ ಆಗುತ್ತಿರಲಿಲ್ಲ ಎಂಬುದು ಇನ್ನೊಂದು.

ಮಾವ ಹುಟ್ಟಿನಿಂದ ಹೀಗಿರಲಿಲ್ಲ. ಇಷ್ಟಕ್ಕೆಲ್ಲ ಕಾರಣ ಒಂದು ಅರ್ಧ ಪುಸ್ತಕ! ಊರಿನ ದಿನಸಿ ಅಂಗಡಿಯಲ್ಲಿ ಹಳೆ ಪುಸ್ತಕಗಳ ಹಾಳೆ ಹರಿದು ಪೊಟ್ಟಣ ಕಟ್ಟುತ್ತಿದ್ದರು. ಒಂದು ದಿನ ಮಾವ ಧನಿಯ ತಂದ. ಅತ್ತೆ ಧನಿಯವನ್ನು ಡಬ್ಬಿಗೆ ಸುರಿದು ಕಾಗದವನ್ನು ಒಲೆಗೆ ಹಾಕಬೇಕು, ಅಷ್ಟರಲ್ಲಿ ಮಾವ ಅದನ್ನು ಕಿತ್ತುಕೊಂಡು ಓದಿದ. ಓದಿದವನೇ ಚಪ್ಪಲಿಯನ್ನೂ ಮೆಟ್ಟದೆ ಅಂಗಡಿಗೆ ಓಡಿ, ಉಳಿದಿದ್ದ ಪುಸ್ತಕವನ್ನು ಪೊಟ್ಟಣವಾಗದಂತೆ ಕಾಪಾಡಿಕೊಂಡು ಬಂದ. ಅದಕ್ಕೆ ಹೊದಿಕೆ ಇರಲಿಲ್ಲ, ಬರೆದವರ ಹೆಸರಿರಲಿಲ್ಲ, ಕೊನೆಯ ಅರ್ಧ ಇರಲೇ ಇಲ್ಲ. ಇದ್ದದ್ದರಲ್ಲಿ ಚೀನಾ ದೇಶದ ತಾವೋ ಪಂಥದ ಮುದುಕರೂ, ಬುದ್ಧನೂ ಸೇರಿಕೊಂಡು ನನ್ನ ಮಾವನ ಕಿವಿ ಊದಿದ್ದರು. ಮನುಷ್ಯ ತಾನೇ ಕಟ್ಟಿಕೊಂಡ ಚೌಕಟ್ಟುಗಳೊಳಗೆ ಸಿಕ್ಕಿಬಿದ್ದಿದ್ದಾನೆ, ಸರಿ ತಪ್ಪು, ಮೇಲು ಕೀಳು, ನಾನು ನೀನು ಎಲ್ಲವೂ ಚೌಕಟ್ಟೇ, ಅವನ್ನು ಬಿಟ್ಟು ನೀರಿನ ಹಾಗೆ ಹರಿಯಬೇಕು ಎಂಬುದು ಅದರ ಸಾರ. ಈ ಮಾತನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳಬೇಡಿ ಎಂದು ಕೊನೆಯ ಅರ್ಧದಲ್ಲಿ ಬರೆದಿತ್ತೋ ಏನೋ, ಯಾರಿಗೆ ಗೊತ್ತು? ಆ ಅರ್ಧ ಮೆಂತ್ಯ, ಜೀರಿಗೆ ಕಟ್ಟಿಸಿಕೊಂಡು ಊರಿನ ಒಲೆಗಳನ್ನೆಲ್ಲ ಸೇರಿಹೋಗಿತ್ತು.

ಮೊದಲು ಹೊಡೆತ ಬಿದ್ದದ್ದು ಗೋಡೆಯ ಗಡಿಯಾರಕ್ಕೆ. ಕಾಲವೂ ಒಂದು ಚೌಕಟ್ಟಂತೆ! ಮಾವ ಅದಕ್ಕೆ ಕೀ ಕೊಡುವುದನ್ನು ನಿಲ್ಲಿಸಿದ. ಪಂಚಾಂಗವನ್ನು ತೊಲೆಯ ಸಂದಿಗೆ ಸಿಕ್ಕಿಸಿದ. ಹಸಿವಾದಾಗ ಉಣ್ಣುವುದು, ನಿದ್ದೆ ಬಂದಾಗ ಮಲಗುವುದು, ಇದೇ ಸಹಜ ಧರ್ಮ ಎಂದು ಸಾರಿದ. ಅವನ ಹಸಿವಾದರೂ ಎಂಥದು! ಅತ್ತೆ ಬೆಳಿಗ್ಗೆ ಕೊಟ್ಟಿಗೆ ಬಳಿಯುತ್ತಿದ್ದಾಗ ಬಂದು "ಮುದ್ದೆ ಹಾಕೇ" ಎನ್ನುವುದು. ಬಿಸಿಮುದ್ದೆ ಮಾಡಿಟ್ಟು ಕಾದರೆ ಆಗ ಹಸಿವೇ ಇಲ್ಲ ಎನ್ನುವುದು. ಮತ್ತೆ ಸಂಜೆ ಅತ್ತೆ ಹಾಲು ಕರೆಯಲು ಕೂತಾಗ ಹಸಿವಾಗುವುದು. ಅತ್ತೆ ಹುಳಿಯಾರಿನ ಕಡೆಯವಳು, ಮಾತು ಕಡಿಮೆ. ಒಂದಿಷ್ಟು ದಿನ ಸಹಿಸಿದಳು. ಆಮೇಲೆ ಒಂದು ದಿನ ಮಾವ ಬಂದು ಕೂತರೆ ಅಡುಗೆಮನೆಯಲ್ಲಿ ಹೊಗೆಯ ಸುಳಿವೇ ಇಲ್ಲ, ಅತ್ತೆ ಗೋಡೆಗೆ ಒರಗಿಕೊಂಡು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಳೆ.

"ಏನೇ ಇದು, ಒಲೆ ಹಚ್ಚಿಲ್ಲ?"

"ತಾನಾಗಿ ಹತ್ಕಳ್ಳಲಿ ಅಂತ ಕಾಯ್ತಿದೀನಿ ಕಣ್ರೀ. ನಾನಾಗಿ ಹಚ್ಚಿದ್ರೆ ಅದೂ ಒಂದು ಚೌಕಟ್ಟಾಗಲ್ವಾ?"

ಮಾರನೆಯ ದಿನದಿಂದ ಮಾವನಿಗೆ ಸರಿಯಾಗಿ ಮಧ್ಯಾಹ್ನಕ್ಕೇ ಹಸಿವಾಗತೊಡಗಿತು. ಗಡಿಯಾರ ಮಾತ್ರ ನಿಂತೇ ಇತ್ತು. ಊಟದ ಹೊತ್ತನ್ನು ಅವನು ಅತ್ತೆಯ ಮುಖ ನೋಡಿ ತಿಳಿದುಕೊಳ್ಳುತ್ತಿದ್ದ.

ಆಮೇಲೆ ತೋಟದ ಸರದಿ. ನೀರು ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ, ಅದಕ್ಕೆ ಅಡ್ಡ ಬರಬಾರದು ಎಂದು ಪುಸ್ತಕದಲ್ಲಿತ್ತಲ್ಲ! ಮಾವ ಪಂಪ್‌ಸೆಟ್ ಹಾಕಿ, ಮರದ ಪಾತಿಗಳಿಗೆ ನೀರು ತಿರುಗಿಸದೆ, ಗುದ್ದಲಿಯನ್ನು ಪಕ್ಕಕ್ಕಿಟ್ಟು ಕಣ್ಣು ಮುಚ್ಚಿ ಕೂತ. ನೀರು ತನ್ನ ದಾರಿಯನ್ನು ಕಂಡುಕೊಂಡಿತು. ಅದು ಇಳಿಜಾರಿನಲ್ಲಿದ್ದ ಪಕ್ಕದವನ ತೋಟದ ದಾರಿ! ಆ ಪಕ್ಕದವನು ಅವತ್ತಿನವರೆಗೂ ಬದುವಿನ ವಿಷಯಕ್ಕೆ ಮಾವನ ಜೊತೆ ಮಾತು ಬಿಟ್ಟಿದ್ದ. ಈಗ ದಿನಾ ಬೆಳಿಗ್ಗೆ ಬಂದು ಟವೆಲ್ಲನ್ನು ಸೊಂಟಕ್ಕೆ ಸುತ್ತಿ, ಕೈ ಕಟ್ಟಿಕೊಂಡು ಕೂತು, ಬುದ್ಧನ ವಿಚಾರ ಕೇಳತೊಡಗಿದ. "ಇನ್ನೂ ವಸಿ ಹೇಳಿ ಅಣ್ಣ, ಆ ನೀರಿನ ವಿಚಾರ ಹೇಳಿದ್ರಲ್ಲ, ಅದನ್ನೇ ಇನ್ನೊಂದ್ಸಲ ಹೇಳಿ" ಎನ್ನುವನು. ಮಾವನಿಗೆ ಸಿಕ್ಕಿದ ಒಬ್ಬನೇ ನಿಜವಾದ ಶಿಷ್ಯ ಅವನು. ಆ ವರ್ಷ ಶಿಷ್ಯನ ಮರಗಳು ಗೊಂಚಲು ಹೊರಲಾರದೆ ಬಾಗಿದ್ದವು.

ಕಾಯಿ ಕೀಳುವವರನ್ನೂ ಮಾವ ಬಾಗಿಲಿನಿಂದಲೇ ವಾಪಸ್ಸು ಕಳಿಸಿದ. ಹಣ್ಣಾದ ಕಾಯಿ ತಾನಾಗಿ ಉದುರಬೇಕು, ಗಳದ ತುದಿಗೆ ಕುಡುಗೋಲು ಕಟ್ಟಿ ಎಳೆಯುವುದು ಹಿಂಸೆಯಂತೆ. ಸರಿ, ಉದುರಿದವು. ಕೊಟ್ಟಿಗೆಯ ಹೆಂಚಿನ ಮೇಲೆ ಉದುರಿದವು, ದನಕ್ಕೆ ನೀರಿಡುವ ಬಾನಿಯ ಮೇಲೆ ಉದುರಿದವು, ಅತ್ತೆ ಒಣಹಾಕಿದ್ದ ಸಂಡಿಗೆಯ ಮೇಲೂ ಉದುರಿದವು. ಮಾವನೇ ತೋಟಕ್ಕೆ ಹೋಗುವಾಗ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ತಲೆಯ ಮೇಲೆ ಇಟ್ಟುಕೊಂಡು, ಎರಡು ಕೈಯಲ್ಲೂ ಅದನ್ನು ಒತ್ತಿ ಹಿಡಿದು, ಬೆಕ್ಕಿನ ಹಾಗೆ ಹೆಜ್ಜೆ ಇಡುತ್ತಿದ್ದ.

"ಏನ್ ಮಾವ, ಯಾವ್ದೂ ಅಂಟಲ್ಲ ಅಂತೀಯ, ತಲೆ ಮಾತ್ರ ಭಾರಿ ಅಂಟ್ಕಂಡಿರೋ ಹಂಗಿದೆ?" ಎಂದೆ.

"ಮುಚ್ಚೇ ಬಾಯಿ. ತಲೆ ಇದ್ರೆ ತಾನೆ ಧ್ಯಾನ?"

ಅವನು ಸೋಲುತ್ತಿರಲಿಲ್ಲ. ಅದೇ ಅವನಲ್ಲಿ ನನಗೆ ಮೈಯುರಿಯುತ್ತಿದ್ದ ಗುಣ. ಇನ್ನೊಂದು ಸಲ ಅಟ್ಟದ ಕೆಳಗೆ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದ. ನಮ್ಮ ಕಡೆ ಕೊಬ್ಬರಿ ಆಗುವುದು ಅಟ್ಟದ ಮೇಲೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಲ್ಲಿ ಸುರಿದು ವರ್ಷಗಟ್ಟಲೆ ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ತಾನೇ ಬಿಡಿಸಿಕೊಳ್ಳುತ್ತದೆ. ಮಾವ ಅಂಥ ಒಂದು ಕಾಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಗಡಗಡ ಅಲ್ಲಾಡಿಸಿದ.

"ಕೇಳುಸ್ತಾ? ಯಾರೂ ಕೀಳಲಿಲ್ಲ, ಯಾರೂ ಬಿಡುಸ್ಲಿಲ್ಲ. ತಾನಾಗಿ ಕಳಚ್ಕಳ್ತು. ಮನುಷ್ಯ ಹಿಂಗಿರ್ಬೇಕು ಕಣೇ."

"ಕಳಚ್ಕಂಡು ಎಲ್ಲಿಗೆ ಹೋಯ್ತು ಮಾವ? ಚಿಪ್ಪೊಳಗೇ ಇದ್ಯಲ್ಲ! ಅಂಟ್ಕಂಡಿದ್ದಾಗ ಸುಮ್ನಿತ್ತು. ಈಗ ಸದ್ದು ಬೇರೆ ಮಾಡ್ತಿದೆ."

ಅಡುಗೆಮನೆಯೊಳಗೆ ಅತ್ತೆ ಕಿಸಕ್ಕೆಂದಳು. ಮಾವ ಕಾಯನ್ನು ಅಲ್ಲೇ ಇಟ್ಟು ತೋಟಕ್ಕೆ ಹೊರಟುಹೋದ. ಕಂಕುಳಲ್ಲಿ ಎಂದಿನಂತೆ ಆ ಅರ್ಧ ಪುಸ್ತಕ. ಹೊಳೆ ದಾಟಿದ ಮೇಲೆ ತೆಪ್ಪವನ್ನು ದಡದಲ್ಲೇ ಬಿಟ್ಟು ನಡೆಯಬೇಕು, ತಲೆಯ ಮೇಲೆ ಹೊತ್ತುಕೊಂಡು ತಿರುಗಬಾರದು ಎಂದು ಬುದ್ಧ ಹೇಳಿದ್ದನ್ನು ನನಗೆ ಆ ಪುಸ್ತಕದಿಂದಲೇ ಓದಿ ತೋರಿಸಿದ್ದವನು ಅವನೇ. ಬಿಡುತ್ತೇನೆಯೇ ನಾನು? ಅವನ ಹಿಂದೆಯೇ ಹೋಗಿ, "ಮತ್ತೆ ಈ ತೆಪ್ಪಾನ ಯಾವಾಗ ಕೆಳಗಿಡ್ತೀಯ?" ಎಂದು ಪುಸ್ತಕ ತೋರಿಸಿ ಕೇಳಿದೆ. ಜಗಳಕ್ಕೆ ನಿಲ್ಲುತ್ತಾನೆ ಅಂದುಕೊಂಡರೆ, ಮಾವ ಮೆತ್ತಗೆ "ಇನ್ನೂ ದಾಟಿಲ್ಲ ಕಣೇ" ಎಂದುಬಿಟ್ಟ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಅತ್ತೆಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ನಮ್ಮಲ್ಲಿ ಪದ್ಧತಿ. ಸೋದರತ್ತೆ ಎಂದರೆ ನಮ್ಮ ಅವ್ವ. ಹಸಿರು ರೇಷ್ಮೆ ಸೀರೆ ಉಟ್ಟು, ಮಗುವಿಗೆ ಬೆಳ್ಳಿ ಉಡಿದಾರ ತಂದು, ಬೆಳಗಿನಿಂದ ತೊಟ್ಟಿಲ ಪಕ್ಕದಿಂದ ಅಲ್ಲಾಡಿರಲಿಲ್ಲ ಅವಳು. ಯಾವ ಹೆಸರು ಎಂದು ನಾನು ಕೇಳಿದರೆ "ಕಿವಿಗೆ ಹೇಳೋಕೆ ಮುಂಚೆ ಬಾಯ್ಬಿಡಬಾರ್ದು" ಎಂದಿದ್ದಳು. ಹೆಂಗಸರೆಲ್ಲ ಸೇರಿ, ಆರತಿ ತಟ್ಟೆ ಬಂದು, ಅವ್ವ ಇನ್ನೇನು ಬಗ್ಗಬೇಕು, ಮಾವ ಮಧ್ಯೆ ನುಗ್ಗಿ ಮಗುವನ್ನು ಎತ್ತಿಕೊಂಡುಬಿಟ್ಟ!

"ಬ್ಯಾಡ ಕಣಕ್ಕ. ಹೆಸರು ಅಂದ್ರೆ ಹಗ್ಗ. ಇವತ್ತು ಕಟ್ಟಿದ್ರೆ ಸಾಯೋಗಂಟ ಅದೇ ಗೂಟ ಸುತ್ತಬೇಕು. ಹೆಸರಿಲ್ದೇ ಇರೋದೇ ನಿಜ, ಹೆಸರಿಟ್ಟ ಕೂಡ್ಲೇ ಅದು ಸುಳ್ಳಾಗ್ತದೆ."

"ಅಯ್ಯೋ ನಿನ್ನ ತಲೆಗಿಷ್ಟು! ನಿಂಗೂ ಹೆಸರಿಟ್ಟಿದ್ರಲ್ಲೋ, ನೀನು ಯಾವ ಗೂಟ ಸುತ್ತಿದೀಯ? ಊರೆಲ್ಲ ಅಂಡಲೀತಿದೀಯ!" ಎಂದಳು ಅವ್ವ.

ಹೆಂಗಸರು ನಕ್ಕರು. ಅವ್ವ ನಗಲಿಲ್ಲ. "ಹುಟ್ಟಿದ ಮನೇಲಿ ನನಗೆ ಉಳ್ದಿರೋದು ಇದೊಂದೇ ಹಕ್ಕು ಕಣ್ಲಾ. ಅದ್ನೂ ಕಿತ್ಕಂಡೆ. ಈ ಕೂಸಿಗೆ ಹೆಸರಾದ ದಿನ ಹೇಳಿಕಳ್ಸು, ಬತ್ತೀನಿ. ಅಲ್ಲೀಗಂಟ ನಿನ್ನ ಹೊಸ್ಲು ತುಳಿಯಲ್ಲ" ಎಂದು ಊಟವನ್ನೂ ಮಾಡದೆ ಬಸ್ಸು ಹತ್ತಿದಳು. ನಮ್ಮ ಅವ್ವ ಹೇಳಿದ ಮಾತನ್ನು ಮುರಿಯುವವಳಲ್ಲ. ಚೌಕಟ್ಟು ಬೇಡ ಎಂಬ ಮಾವನ ಹಠಕ್ಕೆ ಅಕ್ಕನಾಗಿ ಹುಟ್ಟಿದವಳಲ್ಲವೇ! ಆಮೇಲೆ ಪ್ರತಿ ಭಾನುವಾರ ನಾನು ಮಾವನ ಮನೆಯಿಂದ ಬಂದು ಚೀಲ ಕೆಳಗಿಡುವ ಮುಂಚೆಯೇ "ಹೆಸರಾಯ್ತಾ?" ಎಂದು ಕೇಳುತ್ತಿದ್ದಳು. ಇಲ್ಲ ಎಂದರೆ ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತಾ ಜೋಡಿಸುತ್ತಿದ್ದಳು.

ಮಗು ಹೆಸರಿಲ್ಲದೆಯೇ ಬೆಳೆಯಿತು. ಅಪ್ಪ ಇಡದಿದ್ದರೆ ಊರು ಬಿಡುತ್ತದೆಯೇ? ಅತ್ತೆ "ಕೂಸೇ" ಎಂದಳು. ಪಕ್ಕದ ತೋಟದ ಶಿಷ್ಯ "ಅಮ್ಮಣ್ಣಿ" ಎಂದ. ಮಾತು ನಿಲ್ಲಿಸುವುದೇ ಗೊತ್ತಿಲ್ಲದ ಹುಡುಗಿಗೆ ಬಸ್ಸಿನ ಕಂಡಕ್ಟರ್ "ಟ್ರಾನ್ಸಿಸ್ಟರ್" ಎಂದು ಹೆಸರಿಟ್ಟ. ದುಂಡಗಿದ್ದಾಳೆಂದು ದಿನಸಿ ಅಂಗಡಿಯವರಿಗೆ ಅವಳು "ಗುಂಡಿ". ಯಾವ ಹೆಸರಿನ ಹಿಂದೆ ಬೆಲ್ಲವೋ ಕಡಲೆಯೋ ಇದೆಯೋ ಆ ಹೆಸರಿಗೆ ಓಡುತ್ತಿದ್ದಳು, ಉಳಿದವಕ್ಕೆ ತಿರುಗಿಯೂ ನೋಡುತ್ತಿರಲಿಲ್ಲ. "ನೋಡಿದ್ಯಾ, ಯಾವ ಹೆಸರಿಗೂ ಅಂಟಿಲ್ಲ ಇವಳು!" ಎಂದು ಮಾವ ಉಬ್ಬುತ್ತಿದ್ದ. "ಬೆಲ್ಲಕ್ಕೆ ಅಂಟ್ಕಂಡಿದಾಳಲ್ಲ ಮಾವ" ಎಂದರೆ ಕೇಳಿಸದ ಹಾಗೆ ಇರುತ್ತಿದ್ದ. ಅವನು ಮಾತ್ರ ನಮ್ಮ ಮುಂದೆ ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದ! ದನಕರುಗಳಿಗಾದರೂ ಆ ಮನೆಯಲ್ಲಿ ಹೆಸರಿತ್ತು, ಹೆತ್ತ ಮಗಳಿಗೆ ಚಪ್ಪಾಳೆ. ದಿನಾ ಬೆಳಿಗ್ಗೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಟಕ್ಕೆ ಹೋಗುವನು, ಹೊತ್ತೇರಿದ ಮೇಲೆ ಇಬ್ಬರೂ ಕೆಸರು ಮೆತ್ತಿಕೊಂಡು ಬರುವರು.

ಶಾಲೆಗೆ ಸೇರಿಸುವ ವಯಸ್ಸು ಬಂತು. ಊರಿನ ಶಾಲೆಯ ಹೆಡ್ ಮಾಸ್ತರು ಸಾಧು ಮನುಷ್ಯರು. ಪೆನ್ನಿಗೆ ಇಂಕು ತುಂಬಿಕೊಂಡು, "ಮಗು ಹೆಸರು ಹೇಳಿ ಯಜಮಾನ್ರೇ" ಎಂದರು.

"ಇಲ್ಲ."

"ಮರೆತುಹೋಯ್ತಾ?"

"ಇಟ್ಟಿಲ್ಲ. ನೀವು ಹೆಸರು ಬರೀತೀರಿ, ಆಮೇಲೆ ಇವ್ಳು ಆ ಹೆಸರೇ ತಾನು ಅಂದ್ಕತಾಳೆ. ಮುಗೀತಲ್ಲ ಕತೆ?"

"ನಾನು ಹಾಜರಿ ಕೂಗೋದು ಹೆಂಗೆ ಸ್ವಾಮಿ?"

"ಬಂದಿದ್ರೆ ಕಾಣ್ತಾಳೆ. ಕೂಗೋದ್ಯಾಕೆ?"

ಮಾಸ್ತರು ಪೆನ್ನಿನ ಮುಚ್ಚಳ ಹಾಕಿದರು. ಹೆಸರಿಟ್ಟುಕೊಂಡು ಬನ್ನಿ, ಇಲ್ಲದಿದ್ದರೆ ನಾನೇನೂ ಮಾಡಲಾರೆ ಎಂದು ಕೈ ಮುಗಿದರು. ಹೊಸ ಲಂಗ ಹಾಕಿಕೊಂಡು, ಸ್ಲೇಟು ಎದೆಗೆ ಒತ್ತಿಕೊಂಡು ಹೋಗಿದ್ದ ಹುಡುಗಿ ಅಳುತ್ತಾ ಮನೆಗೆ ಬಂದಳು. ಅವತ್ತು ಅತ್ತೆ ಮೊದಲ ಸಲ ದನಿ ಎತ್ತಿದಳು. "ನಿಮ್ಮ ಬುದ್ಧಂಗೂ ಹೆಸರಿತ್ತಲ್ರೀ! ಇವ್ಳಿಗೇನು ಬಂದಿದ್ದು? ನಾ ಹುಳಿಯಾರಿಗೆ ಹೊಂಟೆ. ನಮ್ಮಣ್ಣ ಅಲ್ಲಿ ಹೆಸರಿಟ್ಟು ಇಸ್ಕೂಲಿಗೆ ಸೇರಿಸ್ತಾನೆ. ನೀವು ಆರಾಮಾಗಿ ನೀರಿನಂಗೆ ಹರ್ಕಂಡಿರಿ" ಎಂದು ಟ್ರಂಕು ಇಳಿಸಿದಳು.

ಈ ಸುದ್ದಿ ಬಸ್ಸಿನ ಕಂಡಕ್ಟರ್ ಮೂಲಕ ನಮಗೆ ತಲುಪಿದ್ದೇ ಅವ್ವನೂ ನಾನೂ ತಿಪಟೂರಿನ ಬಸ್ ಸ್ಟ್ಯಾಂಡಿಗೆ ಓಡಿದೆವು. ಸಂತೆಯ ದಿನ, ಕಾಲಿಡಲು ಜಾಗವಿಲ್ಲ. ಹುಳಿಯಾರಿನ ಬಸ್ಸಿನ ಹತ್ತಿರ ಅತ್ತೆ ಮಗುವಿನ ಕೈ ಹಿಡಿದು ನಿಂತಿದ್ದಳು. ಹಿಂದೆ ಟ್ರಂಕು ಹೊತ್ತುಕೊಂಡು ಮಾವ! "ನಾ ತಡೆಯಲ್ಲ ಕಣಕ್ಕ. ತಡೆಯೋದೂ ಒಂದು ಅಂಟೇ" ಎನ್ನುತ್ತಾನೆ, ಟ್ರಂಕನ್ನು ಮಾತ್ರ ಬಸ್ಸಿನ ಮೇಲೆ ಹಾಕಲು ಕೂಲಿಯವನ ಕೈಗೆ ಕೊಡುತ್ತಿಲ್ಲ. ಕೂಲಿಯವನು ಈ ಕಡೆಯಿಂದ ಎಳೆಯುತ್ತಾನೆ, ಅನಾಸಕ್ತ ಯೋಗಿ ಆ ಕಡೆಯಿಂದ ಎಳೆಯುತ್ತಾನೆ. ಅವ್ವ ತಮ್ಮನನ್ನು ಬೈಯಲು ಶುರು ಮಾಡಿದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಮಗುವಿನ ಕೈ ಬಿಟ್ಟಳು. ನಾನೂ ನನ್ನ ಪಾಲಿನ ನಾಲ್ಕು ಮಾತು ಸೇರಿಸಿದೆ. ಎಲ್ಲರ ಬಾಯಿ ದಣಿದು ಕೆಳಗೆ ನೋಡಿದರೆ ಮಗು ಇಲ್ಲ!

ಮೊದಲು ಅತ್ತೆ "ಕೂಸೇ" ಎಂದು ಕೂಗಿದಳು. ಸಂತೆಗೆ ಬಂದ ಹೆಂಗಸರೆಲ್ಲ ತಮ್ಮ ತಮ್ಮ ಕಂಕುಳಿನ ಕೂಸನ್ನು ನೋಡಿಕೊಂಡರು. ಮಾವ ಟ್ರಂಕನ್ನು ಎತ್ತಿ ಎಸೆದು ಓಡಿದ. ಚಪ್ಪಾಳೆ ತಟ್ಟಿದ. ಕಡಲೆಕಾಯಿ ಮಾರುವವನು ತಿರುಗಿದ, ಕೂಲಿಗಳು ತಿರುಗಿದರು, ಜಟಕಾದವನು "ಎಲ್ಲಿಗೆ ಸ್ವಾಮಿ?" ಎಂದ. ಮಗಳು ಮಾತ್ರ ತಿರುಗಲಿಲ್ಲ. ನಿಲ್ದಾಣದೊಳಗೆ ಒಂದು ಬಸ್ಸು ಹಿಂದಕ್ಕೆ ಬರುತ್ತಿತ್ತು. ಅದರ ಚಕ್ರಗಳ ಕಡೆ ಬಗ್ಗಿ ನೋಡಿದ ಮಾವನ ಮುಖವನ್ನು ನಾನು ಈಗಲೂ ನೆನೆಸಿಕೊಳ್ಳಲಾರೆ. ಅಲ್ಲಿ ಏನೂ ಇರಲಿಲ್ಲ, ಸದ್ಯ.

ಬಸ್ಸುಗಳ ಹೊತ್ತನ್ನು ಮೈಕಿನಲ್ಲಿ ಕೂಗುವ ಕೋಣೆಗೆ ನಾವೆಲ್ಲ ನುಗ್ಗಿದೆವು. ಅಲ್ಲಿ ಕೂತಿದ್ದವರು ಮೈಕು ಎಳೆದುಕೊಂಡು, "ಮಗು ಹೆಸರೇನ್ರೀ?" ಎಂದರು. ಅತ್ತೆ ಮಾವನ ಕಡೆ ತಿರುಗಿದಳು.

"ಹೆಸರು ಹೇಳ್ರೀ, ಕೂಗ್ಬೇಕಲ್ಲ?"

"ಹೆಸರಿಲ್ಲ ಸಾರ್" ಎಂದೆ ನಾನೇ.

"ಹೆಸರಿಲ್ವಾ? ಇಷ್ಟು ದೊಡ್ಡ ಮಗೂಗೆ? ನಿಮ್ಮದೇ ತಾನೇನ್ರೀ ಮಗು?" ಅವರು ಅನುಮಾನದಿಂದ ಮಾವನನ್ನು ಮೇಲಿಂದ ಕೆಳಗೆ ನೋಡಿ, ಮೈಕಿನಲ್ಲಿ "ಪ್ರಯಾಣಿಕರ ಗಮನಕ್ಕೆ, ಹೆಸರಿಲ್ಲದ ಒಂದು ಹೆಣ್ಣು ಮಗು..." ಎಂದು ಶುರು ಮಾಡಿದರು. ಹೊರಗೆ ಯಾರೋ ಗೊಳ್ಳೆಂದು ನಕ್ಕದ್ದು ಕೇಳಿಸಿತು.

ಮಾವ ಅವರ ಕೈಯಿಂದ ಮೈಕನ್ನು ಕಿತ್ತುಕೊಂಡ.

"ಪುಟ್ತಾಯೀ! ಪುಟ್ತಾಯವ್ವಾ! ಎಲ್ಲಿದ್ದೀಯೇ ನನ್ನವ್ವಾ? ಅಪ್ಪ ಕಣೇ, ಇಲ್ಲಿವ್ನಿ, ಬಾರವ್ವಾ!"

ಇಡೀ ಬಸ್ ಸ್ಟ್ಯಾಂಡಿನಲ್ಲಿ ಆ ದನಿ ಒಡೆದುಹೋಗಿ ಕೇಳಿಸಿತು. ಯಾರನ್ನು ಕರೆಯುತ್ತಿದ್ದಾನೆಂದು ನಮಗೆ ಅರ್ಥವಾಗಲಿಲ್ಲ, ತಲೆ ಕೆಟ್ಟಿತೇ ಎಂದು ಹೆದರಿದೆ. ಅಷ್ಟರಲ್ಲಿ ಕೋಣೆಯ ಕಿಟಕಿಯಾಚೆ, ತುರುವೇಕೆರೆ ಬಸ್ಸಿನ ಪಕ್ಕ ಬಳೆಗಾರ್ತಿಯ ಮುಂದೆ ಕೂತಿದ್ದ ಹುಡುಗಿ ಎದ್ದು, "ಓ... ಬಂದೆ ಕಣಪ್ಪೋ" ಎಂದು, ದಿನವೂ ಕರೆಸಿಕೊಂಡು ಅಭ್ಯಾಸವಾದವಳ ಹಾಗೆ ನಿಧಾನವಾಗಿ ಲಂಗ ಕೊಡವಿಕೊಂಡು ಬಂದಳು. ಮಾವ ಹೊರಗೋಡಿ ಅವಳನ್ನು ಎತ್ತಿಕೊಂಡು ಮುಖವನ್ನು ಅವಳ ಹೊಟ್ಟೆಗೆ ಒತ್ತಿಕೊಂಡ.

"ಯಾರ್ರೀ ಪುಟ್ತಾಯಿ?" ಎಂದಳು ಅತ್ತೆ.

"ನಾನೇ ಕಣವ್ವ" ಎಂದಿತು ಮಗು. "ತೋಟದಲ್ಲಿ ಅಪ್ಪ ನನ್ನ ಹಂಗೇ ಕರೆಯೋದು. ಯಾವಾಗ್ಲೂವೆ."

ಪುಟ್ಟತಾಯಮ್ಮ ನಮ್ಮ ಅಜ್ಜಿಯ ಹೆಸರು. ಅವ್ವನನ್ನೂ ಮಾವನನ್ನೂ ಹೆತ್ತವಳು, ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಳು. ಸತ್ತ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು! ನಮ್ಮ ಸೀಮೆಯಲ್ಲಿ ಇದಕ್ಕಿಂತ ಹಳೆಯ ಚೌಕಟ್ಟು ಯಾವುದಿದೆ? ಈ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡೆ.

ಅತ್ತೆಗೆ ಸಿಟ್ಟು ಇಳಿದಿರಲಿಲ್ಲ. "ಹೆಸರಿಟ್ಕಂಡೂ ಇಷ್ಟು ವರ್ಷ ನನ್ನ ಅಳಿಸಿದ್ರಲ್ರೀ! ಹೇಳೋಕೇನಾಗಿತ್ತು?"

ಮಾವ ತೊದಲಿದ. ಬುದ್ಧ, ತಾವೋ, ನೀರು, ತೆಪ್ಪ ಯಾವುದೂ ಅವನ ನೆರವಿಗೆ ಬರಲಿಲ್ಲ. "ಎಲ್ರ ಬಾಯಿಗೂ ಬಿದ್ರೆ ಅದು ಬರೀ ಒಂದು ಹೆಸರಾಗ್ಬುಡೋದು ಕಣೇ. ಇವಳ್ನ ಬೈಯೋವಾಗ್ಲೂ ಅವ್ವನ ಹೆಸರು ಹಿಡಿದು ಬೈತಿದ್ರಿ. ನಂಗೆ ಅವ್ವಾ ಅಂತ ಕರೆದ್ರೆ ಓ ಅನ್ನೋರು ಒಬ್ರು ಬೇಕಾಗಿತ್ತು. ಅಷ್ಟೇಯ."

ಕೂಲಿಯವನು ನಮ್ಮ ಹಿಂದೆಯೇ ತಂದಿಟ್ಟಿದ್ದ ಟ್ರಂಕಿನ ಮೇಲೆ ಅವ್ವ ಕೂತಳು. "ನಂಗೂ ಅವ್ವನೇ ಅಲ್ವೇನ್ಲಾ?" ಎಂದಳು. "ನನಗೊಬ್ಳಿಗಾದ್ರೂ ಹೇಳ್ಬಾರ್ದಾಗಿತ್ತೇನ್ಲಾ?"

ಮಾವ ಮಗುವನ್ನು ತಂದು ಅಕ್ಕನ ತೊಡೆಯ ಮೇಲೆ ಕೂರಿಸಿದ. ಅವ್ವ ಅದರ ಕಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಸರಿಸಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, ಆ ಗದ್ದಲದಲ್ಲಿ ಪಕ್ಕದಲ್ಲಿದ್ದ ನನಗೂ ಸರಿಯಾಗಿ ಕೇಳದ ಹಾಗೆ, "ಅವ್ವಾ" ಎಂದಳು.

"ಓ" ಎಂದಿತು ಮಗು.